ಕಪ್ಪುರಂಧ್ರ ನಕ್ಷತ್ರಗಳ ಹುಟ್ಟನ್ನು ನಿಲ್ಲಿಸುತ್ತದೆಯೇ? ದೂರದ ಅವಕೆಂಪು ಬೆಳಕಿನ ಸಾಕ್ಷ್ಯ

ಪ್ರಶ್ನೆ: ನಾನು ಭೌತಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಸಕ್ರಿಯ ಗ್ಯಾಲಕ್ಸಿಗಳ ಕೇಂದ್ರದಲ್ಲಿರುವ ಕಪ್ಪುರಂಧ್ರವು ಅನಿಲವನ್ನೆಲ್ಲ ಹೊರಗಟ್ಟಿ ಹೊಸ ನಕ್ಷತ್ರಗಳ ಹುಟ್ಟನ್ನೇ ನಿಲ್ಲಿಸುತ್ತದೆ ಎಂದು ಒಂದು ಕಡೆ ಓದಿದೆ. ಅಂಥ ಗ್ಯಾಲಕ್ಸಿಗಳಲ್ಲೇ ನಕ್ಷತ್ರಗಳು ಬಿರುಸಾಗಿ ಹುಟ್ಟುತ್ತಿವೆ ಎಂದು ಇನ್ನೊಂದು ಕಡೆ ಓದಿದೆ. ಎರಡೂ ಕಡೆಯವರು ಹರ್ಷೆಲ್ ದೂರದರ್ಶಕದ ದೂರದ ಅವಕೆಂಪು ಅಳತೆಗಳನ್ನೇ ಆಧಾರವಾಗಿ ಕೊಟ್ಟಿದ್ದಾರೆ. ಯಾವುದನ್ನು ನಂಬಬೇಕು? ಈ ವಿಷಯದಲ್ಲಿ ನನ್ನ ಮಟ್ಟದಲ್ಲಿ ಒಂದು ಪ್ರಾಜೆಕ್ಟ್ ಮಾಡಲು ಸಾಧ್ಯವೇ?

ಉತ್ತರ: ನೀವು ಓದಿದ ಎರಡೂ ಮಾತುಗಳ ಹಿಂದೆ ನಿಜವಾದ ಅಳತೆಗಳಿವೆ. ಅವು ಒಂದಕ್ಕೊಂದು ವಿರುದ್ಧವಾಗಿ ಕಾಣಲು ಕಾರಣ ಕಾಲಮಾನ. ಕಪ್ಪುರಂಧ್ರ ಈಗ ಎಷ್ಟು ನುಂಗುತ್ತಿದೆ ಎಂಬುದನ್ನು ಎಕ್ಸ್-ಕಿರಣಗಳು ತಿಳಿಸುತ್ತವೆ. ಕಳೆದ ಹತ್ತು ಕೋಟಿ ವರ್ಷಗಳಷ್ಟು ಅವಧಿಯಲ್ಲಿ ಸರಾಸರಿ ಎಷ್ಟು ನಕ್ಷತ್ರಗಳು ಹುಟ್ಟಿದವು ಎಂಬುದನ್ನು ದೂರದ ಅವಕೆಂಪು (far-infrared, ಅಂದರೆ ಅವಕೆಂಪಿನಲ್ಲೇ ಅತಿ ಉದ್ದ ತರಂಗಾಂತರದ ಬೆಳಕು) ತಿಳಿಸುತ್ತದೆ. ಈ ವ್ಯತ್ಯಾಸ ಮರೆತು ಓದಿದರೆ ಈ ಕ್ಷೇತ್ರದ ಪ್ರಬಂಧಗಳು ಒಂದನ್ನೊಂದು ಸುಳ್ಳು ಮಾಡುತ್ತಿರುವಂತೆ ತೋರುತ್ತವೆ. ಅದು ನೆನಪಿದ್ದರೆ ಬಹುಪಾಲು ಗೊಂದಲ ಕರಗುತ್ತದೆ, ಪೂರ್ತಿಯಾಗಿ ಅಲ್ಲದಿದ್ದರೂ.

ದೂರದ ಅವಕೆಂಪೇ ಯಾಕೆ ಬೇಕು ಎಂಬಲ್ಲಿಂದ ಶುರುಮಾಡೋಣ. ನಕ್ಷತ್ರಗಳು ಹುಟ್ಟುವುದು ಧೂಳು ಬೆರೆತ ದಟ್ಟ ಅನಿಲದ ಮೋಡಗಳ ಒಳಗೆ. ಹೊಸ ನಕ್ಷತ್ರಗಳಲ್ಲಿ ಅತಿ ಭಾರವಾದವು ನೇರಳಾತೀತ ಬೆಳಕನ್ನು ಧಾರಾಳವಾಗಿ ಸುರಿಸುತ್ತವೆ. ಸುತ್ತಲಿನ ಧೂಳು ಅದನ್ನು ಹೀರಿಕೊಂಡು 20ರಿಂದ 60 ಕೆಲ್ವಿನ್‌ವರೆಗೆ ಬಿಸಿಯಾಗುತ್ತದೆ. ಬಿಸಿ ಎಂದರೂ ಅದು ಸೊನ್ನೆಗಿಂತ 200 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿನ ಉಷ್ಣತೆ. ವಸ್ತು ತಂಪಾದಷ್ಟೂ ಅದರ ಬೆಳಕಿನ ತರಂಗಾಂತರ ಉದ್ದವಾಗುತ್ತದೆ ಎನ್ನುವ ವೀನ್ ನಿಯಮದ ಪ್ರಕಾರ 30 ಕೆಲ್ವಿನ್‌ನ ಧೂಳು ಅತಿ ಹೆಚ್ಚು ಬೆಳಗುವುದು 100 ಮೈಕ್ರಾನ್ (ಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರಾನ್) ತರಂಗಾಂತರದ ಆಸುಪಾಸಿನಲ್ಲಿ. ನಮ್ಮ ಕಣ್ಣಿಗೆ ಕಾಣುವ ಹಸಿರು ಬೆಳಕಿನ ತರಂಗಾಂತರ ಅರ್ಧ ಮೈಕ್ರಾನ್, ಅಂದರೆ ಅದರ ಇನ್ನೂರರಲ್ಲಿ ಒಂದು ಪಾಲು. ಇದು ಎಲ್ಲೋ ಕೆಲವು ಗ್ಯಾಲಕ್ಸಿಗಳ ವಿಶೇಷವಲ್ಲ. ಕೋಬ್ ಉಪಗ್ರಹದ ದತ್ತಾಂಶದಿಂದ 1990ರ ದಶಕದಲ್ಲಿ ಪತ್ತೆಯಾದ ಅವಕೆಂಪು ಹಿನ್ನೆಲೆ ಬೆಳಕಿನ ಲೆಕ್ಕ ಹಾಕಿದಾಗ ತಿಳಿದದ್ದು, ವಿಶ್ವದ ಇತಿಹಾಸದುದ್ದಕ್ಕೂ ಗ್ಯಾಲಕ್ಸಿಗಳು ಹೊಮ್ಮಿಸಿದ ಬೆಳಕಿನಲ್ಲಿ ಹತ್ತಿರಹತ್ತಿರ ಅರ್ಧವನ್ನು ಧೂಳು ನುಂಗಿ ಅವಕೆಂಪಾಗಿ ಬದಲಿಸಿದೆ ಎಂದು. ಕಾಣುವ ಬೆಳಕನ್ನಷ್ಟೇ ನಂಬಿ ನಕ್ಷತ್ರಗಳ ಹುಟ್ಟಿನ ಲೆಕ್ಕ ಬರೆದರೆ ಅರ್ಧ ಪುಸ್ತಕ ಖಾಲಿ ಉಳಿಯುತ್ತದೆ.

ಸಾಮಾನ್ಯ ಗ್ಯಾಲಕ್ಸಿಯಲ್ಲಿ ಲೆಕ್ಕ ಸರಳ. ಒಟ್ಟು ಅವಕೆಂಪು ಬೆಳಕು 1000 ಕೋಟಿ ಸೂರ್ಯರಷ್ಟಿದ್ದರೆ, ವರ್ಷಕ್ಕೆ ಒಂದರಿಂದ ಒಂದೂವರೆ ಸೂರ್ಯನಷ್ಟು ಅನಿಲ ನಕ್ಷತ್ರಗಳಾಗಿ ಮಾರ್ಪಡುತ್ತಿದೆ ಎಂದರ್ಥ. ಕ್ಷೀರಪಥದ ದರವೂ ಹೆಚ್ಚುಕಡಿಮೆ ಇಷ್ಟೇ, ವರ್ಷಕ್ಕೆ ಒಂದೂವರೆಯಿಂದ ಎರಡು ಸೂರ್ಯರಷ್ಟು. ತೊಡಕು ಬರುವುದು ಸಕ್ರಿಯ ಗ್ಯಾಲಕ್ಸಿಗಳಲ್ಲಿ, ಅಂದರೆ ಕೇಂದ್ರದ ಕಪ್ಪುರಂಧ್ರ ಅನಿಲ ನುಂಗುತ್ತಿರುವ ಗ್ಯಾಲಕ್ಸಿಗಳಲ್ಲಿ, ಯಾಕೆಂದರೆ ಅಲ್ಲಿ ಧೂಳನ್ನು ಬಿಸಿ ಮಾಡಲು ಇನ್ನೊಂದು ಮೂಲವಿದೆ. ಕಪ್ಪುರಂಧ್ರದೊಳಗೆ ಬೀಳುವ ಮೊದಲು ಅನಿಲ ತಟ್ಟೆಯಾಕಾರದಲ್ಲಿ ಸುತ್ತುತ್ತ ಕಾದು ಬೆಳಗುತ್ತದೆ. ಹೀಗೆ ಬೀಳುವ ದ್ರವ್ಯದ ಸುಮಾರು ಹತ್ತನೆಯ ಒಂದು ಪಾಲು ಶಕ್ತಿಯಾಗಿ ಹೊರಬರುತ್ತದೆ. ಹೈಡ್ರೋಜನ್ ಹೀಲಿಯಮ್ ಆಗುವಾಗ ಶಕ್ತಿಯಾಗುವುದು ದ್ರವ್ಯದ ಶೇ. 0.7 ಮಾತ್ರ, ಅದೂ ನಕ್ಷತ್ರದ ಒಳಭಾಗದಲ್ಲಿ, ನಿಧಾನವಾಗಿ.

ಈ ವ್ಯತ್ಯಾಸದ ಪರಿಣಾಮವನ್ನು ನೀವೇ ಕಾಗದದ ಮೇಲೆ ಲೆಕ್ಕ ಮಾಡಿ ನೋಡಿ. ಕಪ್ಪುರಂಧ್ರ ವರ್ಷಕ್ಕೆ ಒಂದೇ ಒಂದು ಸೂರ್ಯನಷ್ಟು ಅನಿಲ ನುಂಗಿದರೂ ಸಾಕು, ಸುಮಾರು ಒಂದೂವರೆ ಲಕ್ಷ ಕೋಟಿ ಸೂರ್ಯರಷ್ಟು ಬೆಳಕು ಬರುತ್ತದೆ. ಅಷ್ಟೇ ಬೆಳಕು ಹೊಸ ನಕ್ಷತ್ರಗಳಿಂದ ಬರಬೇಕಾದರೆ ವರ್ಷಕ್ಕೆ 150ರಿಂದ 250 ಸೂರ್ಯರಷ್ಟು ಅನಿಲ ನಕ್ಷತ್ರಗಳಾಗಬೇಕು. ಹಾಗಾಗಿ ಒಟ್ಟು ಬೆಳಕಿನಲ್ಲಿ ಕಪ್ಪುರಂಧ್ರದ ಪಾಲನ್ನು ಸ್ವಲ್ಪ ತಪ್ಪಾಗಿ ಅಂದಾಜಿಸಿದರೂ ನಕ್ಷತ್ರಗಳ ಹುಟ್ಟಿನ ದರ ಪೂರ್ತಿ ಕೆಡುತ್ತದೆ. ಈ ಕ್ಷೇತ್ರದವರ ಶ್ರಮವೆಲ್ಲ ಎರಡು ಮೂಲಗಳನ್ನು ಬೇರ್ಪಡಿಸುವುದಕ್ಕೇ ಹೋಗುತ್ತದೆ.

ಬೇರ್ಪಡಿಸಲು ನೆರವಾಗುವುದು ಉಷ್ಣತೆ. ಕಪ್ಪುರಂಧ್ರದ ತೀರಾ ಹತ್ತಿರದ ಧೂಳು ಸುಮಾರು 1500 ಕೆಲ್ವಿನ್‌ವರೆಗೆ ಕಾದು, ಅದಕ್ಕಿಂತ ಹೆಚ್ಚು ಕಾದರೆ ಆವಿಯಾಗಿಬಿಡುತ್ತದೆ. ಸ್ವಲ್ಪ ಆಚೆ ಉಂಗುರದಂತೆ ಸುತ್ತುವರಿದ ಧೂಳು ಕೆಲವು ನೂರು ಕೆಲ್ವಿನ್‌ನಲ್ಲಿರುತ್ತದೆ. ಇವು ಬೆಳಗುವುದು 2ರಿಂದ 30 ಮೈಕ್ರಾನ್‌ಗಳಲ್ಲಿ, ಅಂದರೆ ಹತ್ತಿರದ ಮತ್ತು ಮಧ್ಯದ ಅವಕೆಂಪಿನಲ್ಲಿ. ನಕ್ಷತ್ರಗಳು ಹುಟ್ಟುವ ತಂಪು ಮೋಡಗಳು ಸಾವಿರಾರು ಜ್ಯೋತಿರ್ವರ್ಷ ಆಚೆಗೂ ಹರಡಿಕೊಂಡಿದ್ದು 60 ಮೈಕ್ರಾನ್‌ನಿಂದ ಮುಂದೆ ಬೆಳಗುತ್ತವೆ. ಸುಮಾರು 4.7 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಎನ್‌ಜಿಸಿ 1068 ಎಂಬ ಸಕ್ರಿಯ ಗ್ಯಾಲಕ್ಸಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕೇಂದ್ರದ ಧೂಳಿನ ಬೆಳಕು 30ರಿಂದ 40 ಮೈಕ್ರಾನ್ ಹೊತ್ತಿಗೆ ಗರಿಷ್ಠ ಮುಟ್ಟಿ ನಂತರ ಇಳಿಯುತ್ತದೆ ಎಂದು ಬೋಯಿಂಗ್ 747 ವಿಮಾನದಲ್ಲಿ ಕೂರಿಸಿದ್ದ ಸೋಫಿಯಾ ದೂರದರ್ಶಕ ತೋರಿಸಿತು. ಅದೇ ಗ್ಯಾಲಕ್ಸಿಯಲ್ಲಿ ಕೇಂದ್ರದಿಂದ ಹಲವು ಸಾವಿರ ಜ್ಯೋತಿರ್ವರ್ಷ ಆಚೆ ನಕ್ಷತ್ರಗಳು ಹುಟ್ಟುತ್ತಿರುವ ಉಂಗುರವಿದೆ. ದೂರದ ಅವಕೆಂಪಿನಲ್ಲಿ ಎದ್ದು ಕಾಣುವುದು ಆ ಉಂಗುರ.

ಆದರೆ ಇದನ್ನು ಎಲ್ಲ ಗ್ಯಾಲಕ್ಸಿಗಳಿಗೂ ಕಣ್ಣುಮುಚ್ಚಿ ಅನ್ವಯಿಸಬಾರದು. ಕೇಂದ್ರವೇ ಇಡೀ ಗ್ಯಾಲಕ್ಸಿಯನ್ನು ಮೀರಿ ಬೆಳಗುವ, ತುಂಬ ಪ್ರಕಾಶಮಾನವಾದ ಸಕ್ರಿಯ ಗ್ಯಾಲಕ್ಸಿಗಳಾದ ಕ್ವೇಸಾರ್‌ಗಳಲ್ಲಿ ಕೇಂದ್ರದ ಬೆಳಕು ದೂರದ ಧೂಳಿಗೂ ತಲುಪಿ ಅದನ್ನೂ ಬಿಸಿಮಾಡಬಹುದು. ಆಗ 100 ಮೈಕ್ರಾನ್ ಬೆಳಕಿನ ಗಣನೀಯ ಪಾಲು ಕಪ್ಪುರಂಧ್ರದ್ದೇ ಆಗಿರುತ್ತದೆ ಎಂದು ಮಿರ್ಟೊ ಸಿಮಿಯೊನಿಡಿಸ್ ಮತ್ತು ಸಂಗಡಿಗರು 2016ರಲ್ಲಿ ವಾದಿಸಿದರು. ಅದಕ್ಕೂ ಮೊದಲು ಸ್ಪಿಟ್ಜರ್ ದೂರದರ್ಶಕದಿಂದ ಕ್ವೇಸಾರ್‌ಗಳನ್ನು ನೋಡಿದ್ದ ತಂಡ, ಇಂಗಾಲದ ದೊಡ್ಡ ಅಣುಗಳು ಸೂಸುವ ಅವಕೆಂಪು ಪಟ್ಟಿಗಳನ್ನು ಅಳೆದು, ಆ ಬೆಳಕಿನ ಬಹುಪಾಲು ನಕ್ಷತ್ರಗಳದ್ದೇ ಇರಬಹುದು ಎಂದಿತ್ತು. ಈ ಚರ್ಚೆ ಮುಗಿದಿಲ್ಲ. ಮಧ್ಯಮ ಪ್ರಕಾಶದ ಸಕ್ರಿಯ ಗ್ಯಾಲಕ್ಸಿಗಳಲ್ಲಿ ದೂರದ ಅವಕೆಂಪನ್ನು ಧೈರ್ಯವಾಗಿ ನಂಬಬಹುದು, ಅತಿ ಪ್ರಕಾಶದ ಕ್ವೇಸಾರ್‌ಗಳಲ್ಲಿ ನಂಬಿಕೆಯನ್ನು ಸ್ವಲ್ಪ ಹಿಡಿತದಲ್ಲಿಡಬೇಕು ಎಂಬುದು ನನ್ನ ನಿಲುವು.

ಈ ಬೆಳಕನ್ನು ಅಳೆಯುವುದೇ ಕಷ್ಟದ ಕೆಲಸ. ನಮ್ಮ ವಾತಾವರಣದ ನೀರಾವಿ ಅದನ್ನು ಪೂರ್ತಿ ತಡೆಯುತ್ತದೆ. ಬೆಟ್ಟದ ಮೇಲೆ ದೂರದರ್ಶಕ ಇಟ್ಟರೂ ಸಾಲದು. ನಮ್ಮ ದೇಶದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಂದು ಮೀಟರ್ ಅಗಲದ ದೂರದರ್ಶಕವನ್ನು ಬಲೂನಿಗೆ ಕಟ್ಟಿ ಹೈದರಾಬಾದಿನಿಂದ 30 ಕಿಲೋಮೀಟರ್ ಎತ್ತರಕ್ಕೆ ಕಳಿಸಿ, ನಮ್ಮದೇ ಗ್ಯಾಲಕ್ಸಿಯ ನಕ್ಷತ್ರ ಹುಟ್ಟುವ ಮೋಡಗಳನ್ನು ದೂರದ ಅವಕೆಂಪಿನಲ್ಲಿ ನೋಡಿದರು. ಅಷ್ಟು ಮುಖ್ಯವಾದ ಕೆಲಸದ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಒಂದು ಮಾತೂ ಬರುವುದಿಲ್ಲ ಎಂಬ ಬೇಸರ ನನಗಿದೆ.

ಬಾಹ್ಯಾಕಾಶದಿಂದ ದೊಡ್ಡ ಮಟ್ಟದಲ್ಲಿ ನೋಡಲು ಶುರುವಾದದ್ದು 1983ರಲ್ಲಿ. ಅಮೆರಿಕ, ನೆದರ್ಲೆಂಡ್ಸ್ ಮತ್ತು ಬ್ರಿಟನ್ ಸೇರಿ ಹಾರಿಸಿದ ಐರಾಸ್ ಉಪಗ್ರಹ ಹತ್ತು ತಿಂಗಳಲ್ಲಿ ಆಕಾಶದ ಶೇ. 96ರಷ್ಟನ್ನು 12, 25, 60 ಮತ್ತು 100 ಮೈಕ್ರಾನ್‌ಗಳಲ್ಲಿ ಸೋಸಿತು. ಕಾಣುವ ಬೆಳಕಿನಲ್ಲಿ ಅಷ್ಟೇನೂ ಗಮನ ಸೆಳೆಯದ ಕೆಲವು ಗ್ಯಾಲಕ್ಸಿಗಳು ಅವಕೆಂಪಿನಲ್ಲಿ ಲಕ್ಷ ಕೋಟಿ ಸೂರ್ಯರಿಗಿಂತ ಹೆಚ್ಚು ಬೆಳಗುತ್ತಿದ್ದವು. ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದ ಆರ್ಪ್ 220 ಅವುಗಳ ಪೈಕಿ ಅತಿ ಹತ್ತಿರದ್ದು. ಎರಡು ಗ್ಯಾಲಕ್ಸಿಗಳು ಡಿಕ್ಕಿಯಾಗಿ ಒಂದಾಗುತ್ತಿರುವ ಜಾಗ ಅದು. ಎರಡರ ಕೇಂದ್ರಗಳು ಇನ್ನೂ ಸುಮಾರು 1200 ಜ್ಯೋತಿರ್ವರ್ಷ ಅಂತರದಲ್ಲಿವೆ. 1988ರಲ್ಲಿ ಡೇವಿಡ್ ಸ್ಯಾಂಡರ್ಸ್ ಮತ್ತು ಸಂಗಡಿಗರು ಒಂದು ಕಥಾನಕ ಮುಂದಿಟ್ಟರು: ಗ್ಯಾಲಕ್ಸಿಗಳು ಡಿಕ್ಕಿಯಾಗುತ್ತವೆ, ಅನಿಲ ಕೇಂದ್ರಕ್ಕೆ ಕುಸಿಯುತ್ತದೆ, ಧೂಳಿನ ಮರೆಯಲ್ಲಿ ನಕ್ಷತ್ರಗಳು ಒಮ್ಮೆಲೇ ಹುಟ್ಟುತ್ತವೆ, ಕಪ್ಪುರಂಧ್ರವೂ ಬೆಳೆಯುತ್ತದೆ, ಕೊನೆಗೆ ಅದು ಧೂಳನ್ನು ಚದುರಿಸಿ ಕ್ವೇಸಾರ್ ಆಗಿ ಹೊರಗೆ ಕಾಣಿಸಿಕೊಳ್ಳುತ್ತದೆ. ನೀವು ಮೊದಲು ಓದಿದ "ಕಪ್ಪುರಂಧ್ರ ಊದಿಬಿಡುತ್ತದೆ" ಎಂಬ ಮಾತಿನ ಬೇರುಗಳಲ್ಲಿ ಇದೊಂದು. 1998ರಲ್ಲಿ ರೈನ್‌ಹಾರ್ಡ್ ಗೆನ್ಜೆಲ್ ತಂಡ ಯುರೋಪಿನ ಐಎಸ್ಓ ದೂರದರ್ಶಕದ ರೋಹಿತಗಳನ್ನು ಪರಿಶೀಲಿಸಿ, ತಾವು ನೋಡಿದ ಇಂಥ ಗ್ಯಾಲಕ್ಸಿಗಳಲ್ಲಿ ಶೇ. 70ರಿಂದ 80ರಷ್ಟಕ್ಕೆ ಮುಖ್ಯ ಶಕ್ತಿಮೂಲ ನಕ್ಷತ್ರಗಳೇ, ಉಳಿದವಕ್ಕೆ ಕಪ್ಪುರಂಧ್ರ ಎಂದು ತೋರಿಸಿತು.

ಇನ್ನು ಹರ್ಷೆಲ್. 2009ರ ಮೇ 14ರಂದು ಹಾರಿದ ಈ ಯುರೋಪಿಯನ್ ದೂರದರ್ಶಕದ ಕನ್ನಡಿ 3.5 ಮೀಟರ್ ಅಗಲ. 70ರಿಂದ 500 ಮೈಕ್ರಾನ್‌ವರೆಗೆ ಆರು ಪಟ್ಟಿಗಳಲ್ಲಿ ಅದು ಚಿತ್ರ ತೆಗೆಯುತ್ತಿತ್ತು. ಉಪಕರಣಗಳನ್ನು ತಂಪಾಗಿಡುವ ಹೀಲಿಯಮ್ 2013ರ ಏಪ್ರಿಲ್‌ನಲ್ಲಿ ಮುಗಿಯಿತು, ಕೆಲಸವೂ ಮುಗಿಯಿತು. ನಿಮ್ಮನ್ನು ಗೊಂದಲಕ್ಕೆ ಕೆಡವಿದ ಎರಡೂ ಫಲಿತಾಂಶಗಳು ಈ ನಾಲ್ಕು ವರ್ಷಗಳ ಫಸಲು.

2012ರ ಮೇ ತಿಂಗಳಲ್ಲಿ ಮ್ಯಾಥ್ಯೂ ಪೇಜ್ ಮತ್ತು ಸಂಗಡಿಗರ ಪ್ರಬಂಧ ನೇಚರ್ ಪತ್ರಿಕೆಯಲ್ಲಿ ಬಂತು. ಚಂದ್ರಾ ಎಂಬ ಎಕ್ಸ್-ಕಿರಣ ದೂರದರ್ಶಕ ಬಹಳ ಹೊತ್ತು ದಿಟ್ಟಿಸಿದ್ದ ಆಕಾಶದ ಒಂದು ಸಣ್ಣ ತುಣುಕಿನಲ್ಲಿ, ಸುಮಾರು 800ರಿಂದ 1200 ಕೋಟಿ ವರ್ಷಗಳ ಹಿಂದಿನ ಸಕ್ರಿಯ ಗ್ಯಾಲಕ್ಸಿಗಳನ್ನು ಅವರು ಆಯ್ದುಕೊಂಡರು. ಹರ್ಷೆಲ್‌ನ 250 ಮೈಕ್ರಾನ್ ಚಿತ್ರದಲ್ಲಿ ಮಧ್ಯಮ ಪ್ರಕಾಶದವು ಕೆಲವು ಕಂಡವು, ಎಕ್ಸ್-ಕಿರಣದಲ್ಲಿ ಅತಿ ಪ್ರಕಾಶವಾದವುಗಳಲ್ಲಿ ಒಂದೂ ಕಾಣಲಿಲ್ಲ. ಪ್ರಬಲ ಕಪ್ಪುರಂಧ್ರಗಳು ನಕ್ಷತ್ರಗಳ ಹುಟ್ಟನ್ನು ಅದುಮಿವೆ ಎಂಬ ತೀರ್ಮಾನ ಬಂತು, ಸುದ್ದಿಯೂ ಆಯಿತು. ಅದೇ ವರ್ಷ, ಆಗ ಡರ್ಹಮ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು ಅದೇ ತುಣುಕಿಗೆ ಇನ್ನೆರಡು ತುಣುಕುಗಳನ್ನು ಸೇರಿಸಿ ನೋಡಿದರು. ಅವುಗಳಲ್ಲಿ ಕಾಸ್ಮಾಸ್ ಎಂಬ ಕ್ಷೇತ್ರ ತುಂಬ ವಿಶಾಲವಾದದ್ದು. ಹಾಗಾಗಿ ಪ್ರಬಲ ಸಕ್ರಿಯ ಗ್ಯಾಲಕ್ಸಿಗಳ ಸಂಖ್ಯೆ ಸುಮಾರು ಹತ್ತು ಪಟ್ಟು ಏರಿತು. ಅಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಅದುಮಿದ ಕುರುಹು ಮಾಯವಾಯಿತು. ಅತಿ ಪ್ರಬಲವಾದವುಗಳಲ್ಲೂ ಸರಾಸರಿ ಹುಟ್ಟಿನ ದರ ಆ ಕಾಲದ ಸಾಮಾನ್ಯ ಗ್ಯಾಲಕ್ಸಿಗಳಷ್ಟೇ ಇತ್ತು. ಮೊದಲ ತಂಡದ ಅಳತೆ ತಪ್ಪಾಗಿರಲಿಲ್ಲ. ಸಣ್ಣ ತುಣುಕಿನಲ್ಲಿ ಅತಿ ಪ್ರಬಲವಾದವು ಬೆರಳೆಣಿಕೆಯಷ್ಟೇ ಸಿಗುವುದರಿಂದ, ಆ ತುಣುಕಿನ ಆಕಸ್ಮಿಕ ಲಕ್ಷಣ ಇಡೀ ವಿಶ್ವದ ಲಕ್ಷಣದಂತೆ ಕಂಡಿತ್ತು. ಪ್ರತಿ ವಿದ್ಯಾರ್ಥಿಯೂ ಈ ಎರಡು ಪ್ರಬಂಧಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಬೇಕು ಎಂದು ನಾನು ಯಾವಾಗಲೂ ಹೇಳುತ್ತೇನೆ.

ಹಾಗಾದರೆ ಕಪ್ಪುರಂಧ್ರಕ್ಕೂ ನಕ್ಷತ್ರಗಳ ಹುಟ್ಟಿಗೂ ಸಂಬಂಧವೇ ಇಲ್ಲವೇ? ಇದೆ, ಮತ್ತು ಇಲ್ಲಿ ಕಾಲಮಾನದ ಮಾತು ಬರುತ್ತದೆ. ಕೆರೆಯ ನೀರಿನ ಮಟ್ಟ ಇಡೀ ಮಳೆಗಾಲದ ಲೆಕ್ಕ ಹೇಳುತ್ತದೆ, ಈ ಗಳಿಗೆಯಲ್ಲಿ ಮಳೆ ಬೀಳುತ್ತಿದೆಯೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ದೂರದ ಅವಕೆಂಪು ಕೆರೆಯ ಮಟ್ಟದಂಥದ್ದು, ಎಕ್ಸ್-ಕಿರಣ ಈ ಗಳಿಗೆಯ ಮಳೆಯಂಥದ್ದು. ಕಪ್ಪುರಂಧ್ರದ ಚಟುವಟಿಕೆ ಒಂದು ಲಕ್ಷ ವರ್ಷ ಅಥವಾ ಅದಕ್ಕೂ ಕಡಿಮೆ ಅವಧಿಯಲ್ಲಿ ನೂರಾರು ಪಟ್ಟು ಏರಿ ಇಳಿಯಬಹುದು. 2007ರಲ್ಲಿ ಹಾನಿ ಫಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ, ಜನಸಾಮಾನ್ಯರೂ ಪಾಲ್ಗೊಳ್ಳುವ ಗ್ಯಾಲಕ್ಸಿ ಝೂ ಯೋಜನೆಯ ಚಿತ್ರಗಳನ್ನು ವಿಂಗಡಿಸುವಾಗ, ಐಸಿ 2497 ಎಂಬ ಗ್ಯಾಲಕ್ಸಿಯ ಪಕ್ಕದಲ್ಲಿ ವಿಚಿತ್ರವಾಗಿ ಹೊಳೆಯುವ ಅನಿಲದ ರಾಶಿಯನ್ನು ಗುರುತಿಸಿದರು. ಆ ಅನಿಲವನ್ನು ಬೆಳಗಿಸಲು ಒಂದು ಕ್ವೇಸಾರ್‌ನಷ್ಟು ಬೆಳಕು ಬೇಕು, ಆದರೆ ಗ್ಯಾಲಕ್ಸಿಯ ಕೇಂದ್ರದಲ್ಲಿ ಈಗ ಅಂಥದ್ದೇನೂ ಇಲ್ಲ. ಧೂಳಿನ ಹಿಂದೆ ಅಡಗಿದೆಯೇ ಎಂದರೆ, ಅಡಗಿದ್ದರೆ ಆ ಧೂಳು ಅವಕೆಂಪಿನಲ್ಲಿ ಜೋರಾಗಿ ಬೆಳಗಬೇಕಿತ್ತು, ಬೆಳಗುತ್ತಿಲ್ಲ. ಅಂದರೆ ಕ್ವೇಸಾರ್ ಕೆಲವೇ ಹತ್ತು ಸಾವಿರ ಅಥವಾ ಹೆಚ್ಚೆಂದರೆ ಒಂದೆರಡು ಲಕ್ಷ ವರ್ಷಗಳ ಹಿಂದೆ ನಂದಿದೆ, ಅದರ ಹಳೆಯ ಬೆಳಕು ಈಗಷ್ಟೇ ಆ ಅನಿಲವನ್ನು ದಾಟುತ್ತಿದೆ. ಗ್ಯಾಲಕ್ಸಿಯ ಆಯಸ್ಸಿನಲ್ಲಿ ಇದು ಕ್ಷಣಮಾತ್ರ.

ರಯನ್ ಹಿಕಾಕ್ಸ್ ಮತ್ತು ಸಂಗಡಿಗರು 2014ರಲ್ಲಿ ಇದನ್ನೇ ಮಾದರಿಯಾಗಿ ಕಟ್ಟಿದರು. ದೀರ್ಘಾವಧಿಯಲ್ಲಿ ಕಪ್ಪುರಂಧ್ರದ ಬೆಳವಣಿಗೆ ನಕ್ಷತ್ರಗಳ ಹುಟ್ಟಿನ ಜೊತೆಜೊತೆಗೇ ಸಾಗುತ್ತದೆ ಎಂದಿಟ್ಟುಕೊಂಡು, ಅದರ ಮೇಲೆ ಏರಿಳಿತ ಸೇರಿಸಿ ನೋಡಿದರೆ, ಹರ್ಷೆಲ್ ಕಂಡಂಥ ದುರ್ಬಲ ಸಂಬಂಧವೇ ಹೊರಬರುತ್ತದೆ. ಎಕ್ಸ್-ಕಿರಣದ ಪ್ರಕಾಶಕ್ಕೆ ತಕ್ಕಂತೆ ಗ್ಯಾಲಕ್ಸಿಗಳನ್ನು ಗುಂಪು ಮಾಡಿದರೆ ಸಂಬಂಧ ಕಾಣಿಸದು. ತಿರುಗಿಸಿ, ನಕ್ಷತ್ರಗಳ ಹುಟ್ಟಿನ ದರಕ್ಕೆ ತಕ್ಕಂತೆ ಗುಂಪು ಮಾಡಿ ಪ್ರತಿ ಗುಂಪಿನ ಕಪ್ಪುರಂಧ್ರಗಳ ಸರಾಸರಿ ತೆಗೆದರೆ ಎರಡೂ ಒಟ್ಟಿಗೆ ಏರುವುದು ಸ್ಪಷ್ಟವಾಗಿ ಕಾಣುತ್ತದೆ. ಒಂದೇ ದತ್ತಾಂಶ, ಗುಂಪು ಮಾಡಿದ ಕ್ರಮ ಮಾತ್ರ ಬೇರೆ.

ಸರಾಸರಿಯ ಬಗ್ಗೆ ಇನ್ನೊಂದು ಎಚ್ಚರಿಕೆ. 500 ಮೈಕ್ರಾನ್‌ನಲ್ಲಿ ಹರ್ಷೆಲ್ ನೋಡುವ ಒಂದು ಚುಕ್ಕೆಯ ಅಗಲ 36 ಆರ್ಕ್‌ಸೆಕೆಂಡು, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಐವತ್ತರಲ್ಲಿ ಒಂದು ಪಾಲು. ಅಷ್ಟರೊಳಗೆ ಹಲವು ಗ್ಯಾಲಕ್ಸಿಗಳು ಬೆರೆತುಹೋಗುತ್ತವೆ. ಒಂದೊಂದಾಗಿ ಕಾಣದವುಗಳ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆಯುವುದು ವಾಡಿಕೆ. ಆದರೆ ಗುಂಪಿನಲ್ಲಿ ನಾಲ್ಕಾರು ಅತಿ ಪ್ರಕಾಶದವು ಇದ್ದರೂ ಸರಾಸರಿ ಮೇಲಕ್ಕೆ ಜಿಗಿಯುತ್ತದೆ. 2015ರಲ್ಲಿ ಜೇಮ್ಸ್ ಮಲೇನಿ ತಂಡ ಚಿಲಿಯ ಅಟಕಾಮಾ ಮರುಭೂಮಿಯಲ್ಲಿರುವ ಆಲ್ಮಾ ದೂರದರ್ಶಕದಿಂದ ಇಂಥವನ್ನು ಒಂದೊಂದಾಗಿ ನೋಡಿತು. ಸರಾಸರಿ ಸಾಮಾನ್ಯವೆಂದು ತೋರಿದರೂ ಸಕ್ರಿಯ ಗ್ಯಾಲಕ್ಸಿಗಳಲ್ಲಿ ಹಲವು ಮಾಮೂಲಿಗಿಂತ ಕಡಿಮೆ ನಕ್ಷತ್ರಗಳನ್ನು ಹುಟ್ಟಿಸುತ್ತಿದ್ದವು, ಹರವೂ ಹೆಚ್ಚಿತ್ತು. ನಾನು ಆರಂಭದಲ್ಲೇ ಗೊಂದಲ ಪೂರ್ತಿ ಕರಗುವುದಿಲ್ಲ ಎಂದದ್ದು ಇದಕ್ಕೇ.

ಊದಿಹೊರಹಾಕುವುದು ಕಲ್ಪನೆಯೇ ಎಂದು ಕೇಳಿದರೆ ಖಂಡಿತ ಅಲ್ಲ. ಸುಮಾರು 60 ಕೋಟಿ ಜ್ಯೋತಿರ್ವರ್ಷ ದೂರದ ಮಾರ್ಕೇರಿಯನ್ 231 ಎಂಬ ಗ್ಯಾಲಕ್ಸಿ ನೋಡಿ. ಹರ್ಷೆಲ್ ಅದರ ದೂರದ ಅವಕೆಂಪು ರೋಹಿತದಲ್ಲಿ, 79 ಮತ್ತು 119 ಮೈಕ್ರಾನ್‌ಗಳ ಬಳಿ ಆಮ್ಲಜನಕ ಮತ್ತು ಜಲಜನಕ ಸೇರಿದ ಓಎಚ್ ಅಣುವಿನ ಗೆರೆಗಳನ್ನು ಹಿಡಿಯಿತು. ನಮ್ಮ ಕಡೆಗೆ ಧಾವಿಸುವ ಅನಿಲ ಕೇಂದ್ರದ ಬೆಳಕನ್ನು ಹೀರಿ ಗೆರೆಯ ನೀಲಿ ಬದಿಯಲ್ಲಿ, ಅಂದರೆ ಕಡಿಮೆ ತರಂಗಾಂತರದ ಕಡೆ, ತಗ್ಗು ಮೂಡಿಸಿತ್ತು. ಆ ತಗ್ಗು ಸೆಕೆಂಡಿಗೆ 1000 ಕಿಲೋಮೀಟರ್ ವೇಗವನ್ನೂ ಮೀರಿ ಚಾಚಿತ್ತು. 2010ರಲ್ಲಿ ಫ್ರಾನ್ಸಿನ ಪ್ಲಾಟೋ ದ ಬ್ಯೂರ್‌ನ ರೇಡಿಯೋ ದೂರದರ್ಶಕಗಳು ಇಂಗಾಲದ ಮಾನಾಕ್ಸೈಡ್ ಮೂಲಕ ಹೊರಹರಿವನ್ನು ತೂಗಿ, ವರ್ಷಕ್ಕೆ ಸುಮಾರು 700 ಸೂರ್ಯರಷ್ಟು ಅನಿಲ ಹೋಗುತ್ತಿದೆ ಎಂದವು. ಹುಟ್ಟುತ್ತಿರುವ ನಕ್ಷತ್ರಗಳದ್ದು ಅದಕ್ಕಿಂತ ಕಡಿಮೆ, ವರ್ಷಕ್ಕೆ 200 ಸೂರ್ಯರ ಆಸುಪಾಸು. ಇದೇ ದರ ಮುಂದುವರಿದರೆ ತಂಪು ಅನಿಲವೆಲ್ಲ ಒಂದು ಕೋಟಿ ವರ್ಷದಲ್ಲಿ ಬರಿದು. ಆದರೂ ಇವತ್ತು ಮಾರ್ಕೇರಿಯನ್ 231ರಲ್ಲಿ ನಕ್ಷತ್ರಗಳು ಬಿರುಸಾಗಿಯೇ ಹುಟ್ಟುತ್ತಿವೆ. ನೀವು ಓದಿದ ಎರಡೂ ಹೇಳಿಕೆಗಳು ಈ ಒಂದೇ ಗ್ಯಾಲಕ್ಸಿಯಲ್ಲಿ ಒಟ್ಟಿಗೇ ನಿಜವಾಗಿವೆ. ಹೊರಹೋದ ಅನಿಲದಲ್ಲಿ ಎಷ್ಟು ಶಾಶ್ವತವಾಗಿ ಹೋಗುತ್ತದೆ, ಎಷ್ಟು ಮತ್ತೆ ಕೆಳಗೆ ಬೀಳುತ್ತದೆ ಎಂಬುದರ ಮೇಲೆ ಮುಂದಿನದು ನಿಂತಿದೆ. ಅತಿ ದೊಡ್ಡ ದೀರ್ಘವೃತ್ತೀಯ ಗ್ಯಾಲಕ್ಸಿಗಳಲ್ಲಿ ಕಪ್ಪುರಂಧ್ರದ ಚಿಲುಮೆಗಳು ಸುತ್ತಲಿನ ಬಿಸಿ ಅನಿಲ ತಣ್ಣಗಾಗದಂತೆ ತಡೆಯುವುದು ಬೇರೆಯೇ ಬಗೆ, ಪರ್ಸಿಯಸ್ ಗ್ಯಾಲಕ್ಸಿ ಗುಚ್ಛದ ಎಕ್ಸ್-ಕಿರಣ ಚಿತ್ರಗಳಲ್ಲಿ ಅದರ ಗುರುತುಗಳು ಸ್ಪಷ್ಟವಾಗಿವೆ. ಅದಕ್ಕೆ ಪ್ರತ್ಯೇಕ ಉತ್ತರವೇ ಬೇಕು.

ನಿಮ್ಮ ಪ್ರಾಜೆಕ್ಟಿನ ವಿಷಯ. ಮಾಡಿ, ಖಂಡಿತ ಮಾಡಿ. ಹರ್ಷೆಲ್‌ನ ದತ್ತಾಂಶವೆಲ್ಲ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಸಂಗ್ರಹದಲ್ಲಿ ಯಾರು ಬೇಕಾದರೂ ಪಡೆಯುವಂತಿದೆ. 2015ರ ಸೆಪ್ಟೆಂಬರ್‌ನಲ್ಲಿ ಹಾರಿದ ನಮ್ಮ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳುತನದಲ್ಲಿ ತಯಾರಾದದ್ದು; ಅದರ ದತ್ತಾಂಶ ಬೆಂಗಳೂರು ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರದ ಸಂಗ್ರಹದಲ್ಲಿ ಸಿಗುತ್ತದೆ. ಎರಡೂ ನೋಡಿರುವ, ಹತ್ತಿರದ ಒಂದು ಸೇಫರ್ಟ್ ಗ್ಯಾಲಕ್ಸಿಯನ್ನು (ಕ್ವೇಸಾರಿಗಿಂತ ಮಂದವಾದ ಸಕ್ರಿಯ ಗ್ಯಾಲಕ್ಸಿ) ಆರಿಸಿಕೊಳ್ಳಿ. ಧೂಳಿನಿಂದ ತಪ್ಪಿಸಿಕೊಂಡ ಬೆಳಕನ್ನು ನೇರಳಾತೀತ ತೋರಿಸುತ್ತದೆ, ಧೂಳು ನುಂಗಿದ್ದನ್ನು ದೂರದ ಅವಕೆಂಪು ತೋರಿಸುತ್ತದೆ. ಎರಡನ್ನೂ ಕೂಡಿದರೆ ನಕ್ಷತ್ರಗಳ ಹುಟ್ಟಿನ ಪೂರ್ತಿ ಲೆಕ್ಕ. ಕೇಂದ್ರವನ್ನೂ ಹೊರಗಿನ ಸುರುಳಿತೋಳುಗಳನ್ನೂ ಬೇರೆಬೇರೆಯಾಗಿ ಅಳೆಯಿರಿ. ಎರಡು ಮೂಲಗಳ ಬೆಳಕನ್ನು ಬಿಡಿಸಲು ಸಿಗಾಲ್ (CIGALE) ಎಂಬ ಉಚಿತ ತಂತ್ರಾಂಶವಿದೆ, ಪೈಥಾನ್ ಗೊತ್ತಿದ್ದರೆ ಕೆಲವು ವಾರಗಳಲ್ಲಿ ಕೈಗೆ ಹತ್ತುತ್ತದೆ. ಒಂದೇ ಗ್ಯಾಲಕ್ಸಿ ನೋಡಿ "ಕಪ್ಪುರಂಧ್ರ ನಕ್ಷತ್ರಗಳ ಹುಟ್ಟನ್ನು ತಡೆದಿದೆ" ಎಂದು ಬರೆಯಬೇಡಿ. ಎಲ್ಲಿ ಎಷ್ಟು ಹುಟ್ಟುತ್ತಿದೆ ಎಂಬುದನ್ನು ದೋಷಮಿತಿಯೊಂದಿಗೆ ಕೊಟ್ಟರೆ ಅದೇ ಒಳ್ಳೆಯ ಕೆಲಸ. ಅಳೆಯುವ ಮೊದಲು ನೀವು ಬಳಸುವ ಎಲ್ಲ ಚಿತ್ರಗಳನ್ನೂ ಅವುಗಳಲ್ಲಿ ಅತಿ ಮಸುಕಾದುದರ ಮಟ್ಟಕ್ಕೆ ಮಸುಕುಗೊಳಿಸಿಕೊಳ್ಳಿ. 160 ಮೈಕ್ರಾನ್‌ನಲ್ಲಿ ಹರ್ಷೆಲ್‌ನ ಚುಕ್ಕೆ 11 ಆರ್ಕ್‌ಸೆಕೆಂಡು ಅಗಲ, ನೇರಳಾತೀತದ್ದು ಒಂದೂವರೆಯ ಹತ್ತಿರ. ಈ ಹೆಜ್ಜೆ ಬಿಟ್ಟರೆ ಕೇಂದ್ರದ ಬೆಳಕು ಅವಕೆಂಪು ಚಿತ್ರದಲ್ಲಿ ತೋಳುಗಳ ಮೇಲೆ ಸೋರಿ, ಇಲ್ಲದ ನಕ್ಷತ್ರಗಳನ್ನು ನಿಮ್ಮ ಲೆಕ್ಕದಲ್ಲಿ ಹುಟ್ಟಿಸುತ್ತದೆ.